ಗೋಡೆಗೆ ಅಂಟಿದ್ದ ಆರನೇ ಡ್ರಾಫ್ಟ್

ನಾನು ಆ ಕಾರ್ಖಾನೆಗೆ ಸೇರಿದ ಮೊದಲ ದಿನ, ಕಂಪ್ಯೂಟರಿನಲ್ಲಿ ಒಂದೇ ದಾಖಲೆಯ ಏಳು ಪ್ರತಿಗಳನ್ನು ಕಂಡೆ. ಒಂದರ ಹೆಸರು ‘ಟೆಸ್ಟಿಂಗ್ ಫೈನಲ್’. ಇನ್ನೊಂದು ‘ಟೆಸ್ಟಿಂಗ್ ಫೈನಲ್ ಹೊಸದು’. ಆಮೇಲೆ ‘ಟೆಸ್ಟಿಂಗ್ ಫೈನಲ್ ಸಾರ್ ನೋಡಿದ್ದು’, ‘ಇದೇ ಫೈನಲ್’, ‘ಇದೇ ಫೈನಲ್ ಎರಡು’. ಉಳಿದೆರಡಕ್ಕೆ ಬರೀ ತಾರೀಖು ಹಾಕಿದ್ದರು, ವರ್ಷ ಹಾಕಿರಲಿಲ್ಲ. ಇವುಗಳಲ್ಲಿ ನಿಜವಾದ ಫೈನಲ್ ಯಾವುದು ಎಂದು, ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದ ಕ್ವಾಲಿಟಿ ವಿಭಾಗದ ಮೇಡಂ ಅವರನ್ನೇ ಕೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ಅದು ಗೊತ್ತಿದ್ದಿದ್ರೆ ನಿಮ್ಮನ್ನ ಯಾಕ್ ಕರೀತಿದ್ದೆ ಹೇಳಿ?” ಅಂದರು.

ಜೆ.ಪಿ. ನಗರ ಮುಗಿದು ಕೋಣನಕುಂಟೆ ಶುರುವಾಗುವ ಕಡೆ, ಎರಡು ಅಪಾರ್ಟ್‌ಮೆಂಟುಗಳ ನಡುವಿನ ಓಣಿಯಲ್ಲಿತ್ತು ಆ ಕಾರ್ಖಾನೆ. ಮೂವತ್ತು ಚಿಲ್ಲರೆ ಜನ. ಆಸ್ಪತ್ರೆಯ ಕತ್ತರಿ, ಚಿಮುಟ, ಬಟ್ಟೆಗಳನ್ನು ಬಿಸಿ ಹಬೆಯಲ್ಲಿಟ್ಟು ಕ್ರಿಮಿ ಸಾಯಿಸುವ ಆಟೋಕ್ಲೇವ್ ಯಂತ್ರಗಳನ್ನು ಅಲ್ಲಿ ಮಾಡುತ್ತಿದ್ದೆವು. ಮಗನ ಹೈಸ್ಕೂಲು ಮುಗಿಯುವವರೆಗೂ ನಾನು ಬನಶಂಕರಿಯ ಮನೆ ಬಿಟ್ಟು ಕದಲಿದವಳಲ್ಲ. ಹಿಂದಿನ ಕೆಲಸ ಬಿಟ್ಟು ಹನ್ನೆರಡು ವರ್ಷಗಳ ನಂತರ ಸಿಕ್ಕಿದ ಮೊದಲ ಕೆಲಸ ಇದು. ಡಾಕ್ಯುಮೆಂಟ್ ಕಂಟ್ರೋಲರ್ ಎಂದು ಹುದ್ದೆಯ ಹೆಸರು. ದಾವಣಗೆರೆಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ವಿವರಿಸಿ ಹೇಳಿದಾಗ ಅವಳು ಒಂದು ನಿಮಿಷ ಯೋಚಿಸಿ, “ಅಂದ್ರ ಅವ್ರು ದೊಡ್ಡ ಕುಕ್ಕರ್ ಮಾಡ್ತಾರ, ನೀನು ಅಲ್ಲಿ ಕಾಗದ ಜೋಡಿಸ್ತಿ, ಹೌದಲ್ಲ?” ಎಂದಳು. ಅದಕ್ಕಿಂತ ಸರಿಯಾಗಿ ಈವರೆಗೆ ಯಾರೂ ನನ್ನ ಕೆಲಸವನ್ನು ಹೇಳಿಲ್ಲ.

ಕಾಗದಗಳನ್ನೆಲ್ಲ ಒಂದೇ ಕಡೆ ತರಲು ಮೇಡಂ ಹೊಸ ಸಾಫ್ಟ್‌ವೇರ್ ಹಾಕಿಸಿದ್ದರು. ಅದರ ನಿಯಮ ಸರಳವಾಗಿತ್ತು. ಬರೆಯುತ್ತಿರುವಾಗ ಅದು ಡ್ರಾಫ್ಟ್. ತಿದ್ದಿದ ಪ್ರತಿ ಸಲವೂ ಒಂದು ಹೊಸ ಸಂಖ್ಯೆ. ಕೆಲಸ ಗೊತ್ತಿದ್ದವರು ಅದನ್ನು ಓದಿ ಪಕ್ಕದಲ್ಲಿ ಕಾಮೆಂಟ್ ಹಾಕಬೇಕು. ಕೊನೆಗೆ ಮೇಡಂ ಒಪ್ಪಿ ಬಟನ್ ಒತ್ತಿದರೆ ಫೈನಲ್. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಡ್ರಾಫ್ಟನ್ನು ಪ್ರಿಂಟ್ ತೆಗೆದರೆ ಹಾಳೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಬೂದು ಬಣ್ಣದಲ್ಲಿ ‘ಡ್ರಾಫ್ಟ್’ ಎಂಬ ದೊಡ್ಡ ಅಕ್ಷರಗಳು ಬರುತ್ತಿದ್ದವು. ಯಾರೂ ಮರೆತು ಅದನ್ನೇ ಫೈನಲ್ ಎಂದುಕೊಳ್ಳಬಾರದು ಎಂಬುದಕ್ಕೆ ಆ ಗುರುತು.

ಅಣ್ಣನನ್ನು ನೋಡಿದ್ದು ಸೇರಿದ ಮೂರನೇ ದಿನ. ಅವರ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಅವರಿಗಿಂತ ಹಿರಿಯರಾಗಿದ್ದ ಮಾಲೀಕರಿಗೂ ಅವರು ಅಣ್ಣನೇ. ಐವತ್ತೊಂಬತ್ತು ವರ್ಷ, ಟೆಸ್ಟಿಂಗ್ ಬೆಂಚಿನ ಮುಖ್ಯಸ್ಥರು. ತಯಾರಾದ ಯಂತ್ರ ಹೊರಗೆ ಹೋಗುವ ಮುಂಚೆ ಅದಕ್ಕೆ ನೀರಿನ ಒತ್ತಡ, ಹಬೆಯ ಒತ್ತಡ ಕೊಟ್ಟು ಎಲ್ಲೂ ಸೋರುತ್ತಿಲ್ಲ ಎಂದು ನೋಡುವುದು ಅವರ ಕೆಲಸ. ನನ್ನ ಮೇಜಿನ ಮುಂದೆ ನಿಂತು, ಕಂಪ್ಯೂಟರನ್ನೂ ನನ್ನನ್ನೂ ಒಂದೊಂದು ಸಲ ನೋಡಿ ಕೇಳಿದರು.

“ನೀವೇನಾ ನಮ್ ಕಾಗದಕ್ಕೆಲ್ಲ ಬೀಗ ಹಾಕೋಕ್ ಬಂದಿರೋರು?”

“ಬೀಗ ಅಲ್ಲ ಅಣ್ಣ, ಯಾವುದು ಸರಿಯಾದ್ದೋ ಅದು ಒಂದೇ ಉಳೀಲಿ ಅಂತ.”

“ಒಂದೇ ಅಂದ್ರೆ ಒಳ್ಳೇದೇ. ಈಗ ಏಳಿದೆ. ನಾನು ಏಳನ್ನೂ ಓದಿಲ್ಲ.”

ಅವರದು ಕೋಣನಕುಂಟೆಯ ಹಳೇ ಮನೆತನ. ಕಾರ್ಖಾನೆಯಿಂದ ಜೋರಾಗಿ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರ ತಂದೆ ರಾಗಿ, ಅವರೆ ಬೆಳೆಯುತ್ತಿದ್ದರಂತೆ. ಈಗ ಅಲ್ಲಿ ಇವರದೇ ನಾಲ್ಕು ಮಹಡಿಯ ಕಟ್ಟಡ, ಎಂಟು ಬಾಡಿಗೆ ಮನೆ. ದುಡಿಯಲೇಬೇಕು ಎಂಬ ಅಗತ್ಯ ಅವರಿಗೆ ಎಂದೋ ಹೋಗಿತ್ತು. ಆದರೂ ಬೆಳಿಗ್ಗೆ ಎಂಟೂವರೆಗೆ ಹಳೇ ಸ್ಕೂಟರಿನಲ್ಲಿ ಬರುತ್ತಿದ್ದರು. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, “ಮನೇಲಿ ಕೂತ್ರೆ ಬಾಡಿಗೆಯೋರು ನಲ್ಲಿ ಸೋರ್ತಿದೆ ಅಂತ ಬರ್ತಾರೆ. ಇಲ್ಲಿ ಸೋರಿದ್ರೆ ಅದು ನಂಗಿಷ್ಟವಾದ ಸೋರಿಕೆ” ಎಂದರು.

ಮೇಡಂ ನನಗೆ ಕೊಟ್ಟ ಮೊದಲ ದೊಡ್ಡ ಕೆಲಸ, ಟೆಸ್ಟಿಂಗ್ ಮಾಡುವ ಕ್ರಮವನ್ನು ಕನ್ನಡದಲ್ಲಿ ಬರೆಯುವುದು. ಇಂಗ್ಲಿಷಿನಲ್ಲಿದ್ದ ಏಳು ಫೈನಲ್‌ಗಳನ್ನು ಬೆಂಚಿನಲ್ಲಿ ಯಾರೂ ಓದುತ್ತಿರಲಿಲ್ಲ. ಎಲ್ಲ ಅಣ್ಣನ ತಲೆಯಲ್ಲಿತ್ತು. ಅದನ್ನು ಕಾಗದಕ್ಕೆ ಇಳಿಸಬೇಕಿತ್ತು. ನಾನು ಒಂದು ಸ್ಟೂಲ್ ಎಳೆದುಕೊಂಡು ಬೆಂಚಿನ ಪಕ್ಕ ಕೂತೆ. ಅಣ್ಣ ಮಾಡುತ್ತಾ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಸಂಜೆ ಅದನ್ನೆಲ್ಲ ಚೆನ್ನಾಗಿ ಟೈಪು ಮಾಡಿ ಮೊದಲ ಡ್ರಾಫ್ಟನ್ನು ಮರುದಿನ ಓದಿ ಹೇಳಿದೆ. “ಬೋಲ್ಟುಗಳನ್ನು ಕರ್ಣೀಯವಾಗಿ ಬಿಗಿಗೊಳಿಸತಕ್ಕದ್ದು” ಎಂಬಲ್ಲಿಗೆ ಬಂದಾಗ ಅಣ್ಣ ಕೈ ಎತ್ತಿದರು.

“ಯಾರನ್ನಮ್ಮ ಬೈತಿರೋದು?”

“ಎದುರುಬದುರು ಇರೋ ಬೋಲ್ಟ್ ಬಿಗಿ ಮಾಡ್ಬೇಕು ಅಂತ ಅಣ್ಣ. ನೀವೇ ಹೇಳಿದ್ದು.”

“ನಾನ್ ಹೇಳಿದ್ದು ಹಂಗಲ್ವಲ್ಲ. ಒಂದನ್ನ ಬಿಗಿ ಮಾಡಿ, ಆಮೇಲೆ ಅದರ ಎದುರಿಂದು ಬಿಗಿ ಮಾಡಿ ಅಂದೆ. ಹಂಗೇ ಬರೀರಿ. ಓದೋರು ನಮ್ಮಂಥೋರೇ ತಾನೇ.”

ಅವರ ಜೊತೆ ಬೆಂಚಿನಲ್ಲಿ ಕೆಲಸ ಮಾಡುವಾಕೆ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಡಿಪ್ಲೊಮಾ ಓದಿದವಳು, ಎರಡು ಮಕ್ಕಳ ತಾಯಿ, ಬಿಟಿಎಂ ಲೇಔಟಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮಾತು ಬಹಳ ಕಡಿಮೆ. ಅಣ್ಣ ‘ಬಿಗಿ ಮಾಡಿ’ ಎಂದಾಗ ಅವಳೂ ತಲೆಯಾಡಿಸಿದಳು. ‘ಬಿಗಿಗೊಳಿಸತಕ್ಕದ್ದು’ ಅವತ್ತೇ ಹೋಯಿತು. ಹೋದಮೇಲೆ ನನಗೂ ಹಗುರವಾಯಿತು.

ಸಾಫ್ಟ್‌ವೇರಿನಲ್ಲೇ ಕಾಮೆಂಟ್ ಹಾಕಬೇಕೆಂದು ಮೇಡಂ ಪಟ್ಟು ಹಿಡಿದಿದ್ದರಿಂದ ಅಣ್ಣನಿಗೆ ಅವರ ಫೋನಿನಲ್ಲಿ ಹೇಗೆ ಹಾಕುವುದೆಂದು ತೋರಿಸಿಕೊಟ್ಟೆ. ಒಂದೊಂದೇ ಅಕ್ಷರ ಒತ್ತುವ ತಾಳ್ಮೆ ಅವರಿಗಿರಲಿಲ್ಲ. ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದೆ ಎಂದು ಗೊತ್ತಾದ ಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಆದರೆ ಫೋನಿಗೆ ಯಾವ ಮಾತು ತನಗೆ, ಯಾವ ಮಾತು ಪಕ್ಕದವರಿಗೆ ಎಂದು ಗೊತ್ತಾಗುತ್ತಿರಲಿಲ್ಲ. ಮೂರನೇ ಡ್ರಾಫ್ಟಿನ ಪಕ್ಕದಲ್ಲಿ ಒಂದು ಬೆಳಿಗ್ಗೆ ಹೀಗೆ ಬಂದಿತ್ತು: “ನಾಲ್ಕನೇ ಸಾಲಲ್ಲಿ ಪ್ರೆಶರ್ ನಿಧಾನಕ್ಕೆ ಏರಿಸಬೇಕು ಅಂತ ಹಾಕಿ ಯಾರದಪ್ಪ ಅದು ಗೇಟಿಗೆ ಅಡ್ಡ ಗಾಡಿ ಸ್ವಲ್ಪ ತೆಗೀರಿ ಬೇಗ ಏರಿಸಿದರೆ ಮೀಟರಿನ ಮುಳ್ಳು ಸುಳ್ಳು ಹೇಳುತ್ತೆ ಇಲ್ಲ ನಂದು ತಿಂಡಿ ಆಯ್ತು.”

ನಾನು ಅದನ್ನು ಓದಿ ಒಬ್ಬಳೇ ನಕ್ಕೆ. ಮೇಡಂ ಬಂದು ಏನೆಂದು ಕೇಳಿ, ಓದಿ, ನಗದಂತೆ ಮುಖ ಬಿಗಿಹಿಡಿದು, “ನಾಲ್ಕನೇ ಸಾಲು ಸರಿಮಾಡಿ, ಗಾಡಿ ವಿಷಯ ಬಿಡಿ” ಎಂದರು. ಅಂದಿನಿಂದ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ಅಣ್ಣನ ಕಾಮೆಂಟ್ ಬಂದಿದೆಯೇ ಎಂದು ನೋಡುವುದು ನನಗೆ ಅಭ್ಯಾಸವಾಯಿತು.

ಹೀಗೆ ಆರನೇ ಡ್ರಾಫ್ಟಿನವರೆಗೆ ಬಂದೆವು. ಅದರಲ್ಲಿ ಹತ್ತು ಹಂತಗಳಿದ್ದವು. ಅಣ್ಣ ಫೋನಿನಲ್ಲಿ ಸಣ್ಣಕ್ಷರ ಓದಿ ಓದಿ ಕಣ್ಣು ನೋಯುತ್ತಿದೆ ಎಂದು ಪ್ರಿಂಟ್ ಕೇಳಿದರು. ದೊಡ್ಡಕ್ಷರದಲ್ಲಿ ತೆಗೆದುಕೊಟ್ಟೆ. ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಇದರ ಮೇಲೆ ಬೂದಿ ಬಳ್ದಂಗಿದ್ಯಲ್ಲಮ್ಮ. ಅಕ್ಷರಾನೇ ಕಾಣಲ್ಲ.”

ಬೂದಿ ಎಂದರೆ ಆ ‘ಡ್ರಾಫ್ಟ್’ ಗುರುತು. ಅದು ಅಕ್ಷರಗಳ ಹಿಂದೆ ಅಡ್ಡಡ್ಡ ಹಾದುಹೋಗಿತ್ತು. ಅದನ್ನು ತೆಗೆಯುವ ಅಧಿಕಾರ ಕಾರ್ಖಾನೆಯಲ್ಲಿ ಇಬ್ಬರಿಗೇ ಇತ್ತು, ಮೇಡಂಗೆ ಮತ್ತು ನನಗೆ. ಒಂದು ಓದಿಗೆ ತಾನೇ ಎಂದುಕೊಂಡು ಗುರುತಿಲ್ಲದೆ ಇನ್ನೊಂದು ಪ್ರಿಂಟ್ ತೆಗೆದುಕೊಟ್ಟೆ. ಅಣ್ಣ ಅದನ್ನು ಹಿಡಿದುಕೊಂಡು ಖುಷಿಯಿಂದ ಹೋದರು. ಓದಿ ಆದಮೇಲೆ ಅದನ್ನು ವಾಪಸು ಪಡೆದು ಹರಿದುಹಾಕಬೇಕಾದವಳು ನಾನು. ಪಡೆಯಲಿಲ್ಲ.

ಮರುದಿನ ಅವರ ಕಾಮೆಂಟ್ ಬಂತು. ಯಂತ್ರದ ಬಾಗಿಲಿಗೆ ಗ್ಯಾಸ್ಕೆಟ್ ಎಂಬ ರಬ್ಬರಿನ ಬಳೆ ಕೂರಿಸುತ್ತೇವೆ, ಕುಕ್ಕರಿನ ಮುಚ್ಚಳಕ್ಕೆ ಇರುವಂಥದ್ದೇ, ಆದರೆ ಹೆಬ್ಬೆರಳಷ್ಟು ದಪ್ಪ. ಇತ್ತೀಚೆಗೆ ಬರುತ್ತಿದ್ದ ರಬ್ಬರ್ ಮೊದಲಿನಷ್ಟು ಗಟ್ಟಿ ಇಲ್ಲ ಎಂದು ಅಣ್ಣ ಗಮನಿಸಿದ್ದರು. “ಒಂದು ಸಲ ಬಿಸಿ ಕಂಡಮೇಲೆ ರಬ್ಬರ್ ಕೂತ್ಕೊಳುತ್ತೆ ಹೊಸ ಚಪ್ಪಲಿ ಥರ ತಣ್ಣಗಾದ ಮೇಲೆ ಬೋಲ್ಟ್ ಇನ್ನೊಂದು ಸಲ ಬಿಗಿ ಮಾಡಿ ಇನ್ನೊಂದು ಸಲ ಟೆಸ್ಟ್ ಹಿಡೀಬೇಕು ಇದನ್ನ ಬೇರೆ ಹಂತ ಅಂತಲೇ ಹಾಕಿ.” ಹಾಗೆ ಹನ್ನೊಂದನೇ ಹಂತ ಹುಟ್ಟಿತು. ಅದನ್ನು ಸೇರಿಸಿ ಏಳನೇ ಡ್ರಾಫ್ಟ್ ಮಾಡಿದೆ. ಮೇಡಂ ಒಪ್ಪಿ ಬಟನ್ ಒತ್ತಿದರು. ಫೈನಲ್ಲನ್ನು ಪ್ರಿಂಟ್ ತೆಗೆದು, ಸಹಿ ಹಾಕಿಸಿ, ಬೆಂಚಿನ ಪಕ್ಕದಲ್ಲಿ ತೂಗುಹಾಕಿದ್ದ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಇಟ್ಟೆ. ಅವತ್ತು ಕ್ಯಾಂಟೀನಿನಿಂದ ಎಲ್ಲರಿಗೂ ಮದ್ದೂರು ವಡೆ ತರಿಸಿದ್ದು ಅಣ್ಣ.

ಆಮೇಲೆ ಬೆಂಚಿನ ಹಿಂದಿನ ಗೋಡೆಯಲ್ಲಿ ದೊಡ್ಡಕ್ಷರದ ಹಾಳೆಯೊಂದು ಅಂಟಿರುವುದನ್ನು ಹೋಗುತ್ತಾ ಬರುತ್ತಾ ನಾನು ನೋಡಿದ್ದೆ. ಫೈನಲ್ಲನ್ನೇ ಯಾರೋ ದೊಡ್ಡದಾಗಿ ಪ್ರಿಂಟ್ ತೆಗೆದು ಅಂಟಿಸಿದ್ದಾರೆ ಎಂದುಕೊಂಡೆ. ಅದರ ಮೇಲೆ ‘ಡ್ರಾಫ್ಟ್’ ಎಂದು ಇರಲಿಲ್ಲವಲ್ಲ! ಆ ಗುರುತನ್ನು ತೆಗೆದವಳು ನಾನೇ ಎಂಬುದು ಆಗ ನನ್ನ ನೆನಪಿನಲ್ಲಿ ಎಲ್ಲೂ ಇರಲಿಲ್ಲ.

ಎರಡು ತಿಂಗಳ ಬಳಿಕ ಅಣ್ಣ ಹತ್ತು ದಿನ ರಜೆ ಹಾಕಿದರು. ಮಗಳು ಹೆರಿಗೆಗೆ ಬಂದಿದ್ದಳು, ವಿಲ್ಸನ್ ಗಾರ್ಡನ್ನಿನ ಆಸ್ಪತ್ರೆಗೆ ಓಡಾಟ. ಬೆಂಚಿನ ಕೆಲಸವನ್ನೆಲ್ಲ ಬಿಟಿಎಂ ಲೇಔಟಿನಾಕೆ ನೋಡಿಕೊಂಡಳು. ಆ ದಿನಗಳಲ್ಲಿ ಅವಳು ಟೆಸ್ಟ್ ಮಾಡಿದ ಒಂದು ಯಂತ್ರ ಅರೆಕೆರೆಯ ಒಂದು ನರ್ಸಿಂಗ್ ಹೋಮಿಗೆ ಹೋಯಿತು. ಮೂರನೇ ದಿನ ಅಲ್ಲಿಂದ ಫೋನ್. ಬಾಗಿಲ ಅಂಚಿನಿಂದ ಹಬೆ ಬುಸ್ಸೆಂದು ಬರುತ್ತಿದೆ, ಕೂಡಲೇ ಆಫ್ ಮಾಡಿದ್ದೇವೆ, ಯಾರಿಗೂ ಏನೂ ಆಗಿಲ್ಲ, ಆದರೆ ಎರಡು ಆಪರೇಷನ್ ಮುಂದೆ ಹಾಕಬೇಕಾಯಿತು.

ಯಂತ್ರ ವಾಪಸು ಬಂತು. ಮೇಡಂ ಬೆಂಚಿನ ಹತ್ತಿರ ಬಂದರು. ನನ್ನನ್ನೂ ಕರೆದರು, ದಾಖಲೆ ಬೇಕಾಗುತ್ತದೆಂದು. ಬಾಗಿಲ ಬೋಲ್ಟುಗಳು ಸಡಿಲವಾಗಿದ್ದವು.

“ಎಲ್ಲಾ ಮಾಡಿದ್ರಾ?” ಎಂದು ಮೇಡಂ ಆಕೆಯನ್ನು ಕೇಳಿದರು. ದನಿ ಏರಿಸಿರಲಿಲ್ಲ.

“ಮಾಡಿದೀನಿ ಮೇಡಂ. ಗೋಡೆ ಮೇಲಿರೋದು ಒಂದೂ ಬಿಟ್ಟಿಲ್ಲ.”

“ಹನ್ನೊಂದನೇ ಸ್ಟೆಪ್ಪೂ?”

ಆಕೆ ಗೋಡೆಯತ್ತ ತಿರುಗಿ ನೋಡಿದಳು. “ಹತ್ತೇ ಇರೋದು ಮೇಡಂ.”

ಹಾಳೆಯ ಕೆಳಗಿನ ಅಂಚಿಗೆ ಕಂದು ಟೇಪು ಅಂಟಿಸಿದ್ದರು. ನಾನು ಮುಂದೆ ಹೋಗಿ ಉಗುರಿನಿಂದ ಅದನ್ನು ಎಬ್ಬಿಸಿದೆ. ಅಡಿಯಲ್ಲಿ ಸಣ್ಣಕ್ಷರದಲ್ಲಿ ‘ಡ್ರಾಫ್ಟ್ 6’ ಎಂದಿತ್ತು.

“ಫೋಲ್ಡರಲ್ಲಿ ಫೈನಲ್ ಇತ್ತಲ್ಲ?” ಎಂದರು ಮೇಡಂ.

“ಇದು ದೊಡ್ಡಕ್ಷರ ಮೇಡಂ, ಕೈಯಲ್ಲಿ ಸ್ಪ್ಯಾನರ್ ಇದ್ದಾಗ ನೋಡೋಕೆ ಸುಲಭ ಅಂತ… ಎರಡೂ ಒಂದೇ ಅನ್ಕೊಂಡೆ” ಎಂದಳು. ಅವಳ ಕಣ್ಣು ತುಂಬಿತ್ತು. “ನಂದೇ ತಪ್ಪು ಮೇಡಂ.”

ಮೇಡಂ ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ವಿಷಯ ಹೇಳಿದರು.

“ಅದನ್ನ ಅಂಟಿಸಿದ್ದು ನಾನು ಮೇಡಂ. ಹನ್ನೊಂದನೇದನ್ನ ಇಷ್ಟು ದಿನ ನಾನೇ ಮಾಡ್ತಿದ್ದೆ. ಆ ಹುಡ್ಗಿಗೆ ಏನೂ ಅನ್ಬೇಡಿ.”

“ಗುರುತಿಲ್ಲದ ಪ್ರಿಂಟು ನಿಮಗೆ ಎಲ್ಲಿ ಸಿಕ್ತು ಅಣ್ಣ?”

“ಎಲ್ಲೋ ಬಿದ್ದಿತ್ತು ಮೇಡಂ. ಎತ್ಕೊಂಡೆ. ನಾನ್ ಬಂದು ಮಾತಾಡ್ತೀನಿ.”

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗಲೂ ಆ ಗಳಿಗೆ ನನಗೆ ನಾಚಿಕೆ ತರುತ್ತದೆ.

ನನ್ನ ಜಾಗಕ್ಕೆ ಬಂದು ಕೂತೆ. ಯಾವ ಹಾಳೆಯನ್ನು ಯಾರು ಯಾವಾಗ ಪ್ರಿಂಟ್ ತೆಗೆದರು ಎಂಬುದನ್ನೆಲ್ಲ ಸಾಫ್ಟ್‌ವೇರ್ ಬರೆದಿಟ್ಟುಕೊಳ್ಳುತ್ತದೆ. ತೆರೆದು ನೋಡಿದೆ. ಆರನೇ ಡ್ರಾಫ್ಟ್, ನನ್ನ ಹೆಸರು, ಗುರುತು ತೆಗೆದು ಒಂದು ಪ್ರತಿ. ಆ ಪಟ್ಟಿಯನ್ನು ನೋಡುವ ಪದ್ಧತಿ ನನ್ನನ್ನು ಬಿಟ್ಟು ಬೇರೆ ಯಾರಿಗೂ ಇರಲಿಲ್ಲ. ಸುಮಾರು ಒಂದು ಗಂಟೆ ಹಾಗೇ ಕೂತಿದ್ದೆ. ಹನ್ನೆರಡು ವರ್ಷದ ಮೇಲೆ ಸಿಕ್ಕಿದ ಕೆಲಸ, ಇನ್ನೂ ವರ್ಷ ತುಂಬಿಲ್ಲ, ಕಾಗದ ಸರಿಮಾಡಲೆಂದೇ ಕರೆದವಳು ಕಾಗದವನ್ನೇ ಕೆಡಿಸಿದಳು ಎನ್ನುತ್ತಾರೆ ಎಂದೆಲ್ಲ ತಲೆಯಲ್ಲಿ ಓಡುತ್ತಿತ್ತು. ಬೆಂಚಿನಾಕೆ ಬಾತ್‌ರೂಮಿನಿಂದ ಮುಖ ತೊಳೆದುಕೊಂಡು ಹೊರಗೆ ಬರುವುದು ಕಂಡಿತು. ಅವಳು ಯಾರ ಕಡೆಗೂ ನೋಡದೆ ನೇರವಾಗಿ ಬೆಂಚಿಗೆ ಹೋಗಿ, ಬಟ್ಟೆ ತೆಗೆದುಕೊಂಡು, ಆಗಲೇ ಶುಭ್ರವಾಗಿದ್ದ ಮೀಟರನ್ನು ಒರೆಸತೊಡಗಿದಳು. ನಾನು ಎದ್ದು ಮೇಡಂ ರೂಮಿಗೆ ಹೋದೆ.

“ಮೇಡಂ, ಆ ಪ್ರಿಂಟ್ ತೆಗ್ದಿದ್ದು ನಾನು. ಅಣ್ಣಂಗೆ ಓದೋಕಾಗ್ಲಿಲ್ಲ ಅಂತ ಗುರುತು ತೆಗೆದ್ಕೊಟ್ಟೆ. ವಾಪಸ್ ಇಸ್ಕೋಬೇಕಿತ್ತು, ಮರೆತೆ.”

ಮೇಡಂ ನನ್ನ ಮುಖ ನೋಡಿದರು. ವಯಸ್ಸಿನಲ್ಲಿ ಅವರು ನನಗಿಂತ ಎಂಟು ವರ್ಷ ಚಿಕ್ಕವರು. ಅವತ್ತು ಹಾಗೆ ಅನಿಸಲಿಲ್ಲ.

“ಕೂತ್ಕೊಳ್ಳಿ” ಅಂದರು. ಕೂತೆ. “ನೀವೇ ರಿಪೋರ್ಟ್ ಬರೀರಿ. ಏನಾಯ್ತು, ಹೇಗಾಯ್ತು, ಇನ್ಮುಂದೆ ಏನ್ ಮಾಡ್ತೀವಿ. ಅಣ್ಣ ಅದನ್ನ ಓದಿ ಕಾಮೆಂಟ್ ಹಾಕ್ಲಿ. ಆಮೇಲೆ ನಾನ್ ನೋಡ್ತೀನಿ.” ನಾನು ಬಾಗಿಲ ಹತ್ತಿರ ಬಂದಾಗ ಮತ್ತೆ ಕರೆದು, “ಟೀ ಕುಡ್ದು ಬರೀರಿ” ಎಂದರು.

ಮೊದಲು ಅಣ್ಣನಿಗೆ ಫೋನ್ ಮಾಡಿದೆ.

“ಅಣ್ಣ, ಮೇಡಂಗೆ ಹೇಳ್ಬಿಟ್ಟೆ.”

“ಯಾಕಮ್ಮ? ನಂಗೇನಾಗ್ತಿತ್ತು? ಇನ್ನೊಂದ್ ವರ್ಷಕ್ಕೆ ರಿಟೈರ್ ನಾನು. ನಿಮ್ದು ಹೊಸ ಕೆಲ್ಸ.”

“ಕಂಪ್ಯೂಟರಲ್ಲಿ ನನ್ ಹೆಸ್ರಿದೆ ಅಣ್ಣ.”

“ಅದಕ್ಕೆ ಹೇಳಿದ್ರಾ?”

“ಅದಕ್ಕಲ್ಲ.”

“ಸರಿ ಬಿಡಿ” ಅಂದರು. ಆಮೇಲೆ ಬೇರೆಯದೇ ದನಿಯಲ್ಲಿ, “ಗಂಡು ಮಗು ಕಣಮ್ಮ. ಮೂರು ಕೆ.ಜಿ. ಇನ್ನೂರು ಗ್ರಾಂ” ಎಂದರು.

ರಿಪೋರ್ಟಿನ ಮೊದಲ ಡ್ರಾಫ್ಟನ್ನು ನಾನು ಬಹಳ ಚೆನ್ನಾಗಿ ಬರೆದೆ. ಅಂದರೆ, ಅದರಲ್ಲಿ ಮನುಷ್ಯರೇ ಇರಲಿಲ್ಲ. ‘ದಾಖಲೆಯ ಹಿಂದಿನ ಆವೃತ್ತಿಯೊಂದು ಮುದ್ರಣಗೊಂಡಿದ್ದು, ಕಾಲಕ್ರಮೇಣ ಗೋಡೆಯ ಮೇಲೆ ಪ್ರದರ್ಶಿತವಾಗಿತ್ತು’ ಎಂದಿತ್ತು. ತಪ್ಪು ಒಪ್ಪಿಕೊಂಡು ಬಂದ ನಾನೇ ಇದನ್ನೂ ಬರೆದಿದ್ದೆ. ಓದಿಕೊಂಡಾಗ ನನಗೆ ತೃಪ್ತಿಯೇ ಆಗಿತ್ತು. ಮರುದಿನ ಬೆಳಿಗ್ಗೆ ಪಕ್ಕದಲ್ಲಿ ಅಣ್ಣನ ಕಾಮೆಂಟ್.

“ಮುದ್ರಣಗೊಂಡಿದ್ದು ಅಂದ್ರೆ ತಾನಾಗೇ ಆಯ್ತಾ ಯಾಕೋ ಕಂದ ಅಳಬೇಡ ಯಾರು ಪ್ರಿಂಟ್ ಮಾಡಿದ್ದು ಅಂತ ಬರೀರಿ ಯಾರು ಅಂಟಿಸಿದ್ದು ಅಂತಾನೂ ಬರೀರಿ ಇಬ್ರೂ ಇದ್ದೀವಲ್ಲ ಬಂದೆ ಬಂದೆ ಹಾಲು ಬಿಸಿಯಿದೆಯಾ ಆ ಹುಡುಗಿ ಕಾಗದದಲ್ಲಿ ಇದ್ದಿದ್ದನ್ನ ಸರಿಯಾಗೇ ಮಾಡಿದಾಳೆ ಅದನ್ನ ಮೊದಲನೇ ಸಾಲಲ್ಲಿ ಬರೀರಿ.”

ಹಾಗೇ ಬರೆದೆ. ಟೆಸ್ಟರ್ ತನ್ನ ಮುಂದಿದ್ದ ಹಾಳೆಯ ಹತ್ತೂ ಹಂತಗಳನ್ನು ಸರಿಯಾಗಿ ಮಾಡಿದ್ದಾರೆ. ಆ ಹಾಳೆಯನ್ನು ಗುರುತು ತೆಗೆದು ಪ್ರಿಂಟ್ ಮಾಡಿದ್ದು ನಾನು, ವಾಪಸು ಪಡೆಯದೆ ಬಿಟ್ಟದ್ದೂ ನಾನು. ಗೋಡೆಗೆ ಅಂಟಿಸಿದ್ದು ಟೆಸ್ಟಿಂಗ್ ಮುಖ್ಯಸ್ಥರು. ಕಣ್ಣಿಗೆ ಕಾಣುವಂತೆ ದೊಡ್ಡಕ್ಷರದ ಫೈನಲ್ ಕೊಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಎರಡನೇ ಡ್ರಾಫ್ಟಿಗೇ ಮೇಡಂ ಬಟನ್ ಒತ್ತಿದರು. ಗುರುತು ತೆಗೆಯುವ ಅಧಿಕಾರವನ್ನು ನನ್ನಿಂದ ತೆಗೆದರು, ತಮ್ಮಿಂದಲೂ ತೆಗೆದುಕೊಂಡರು. ನನಗೆ ಒಂದು ಎಚ್ಚರಿಕೆ ಪತ್ರ ಬಂತು. ಅದನ್ನು ಸಿಸ್ಟಮ್ಮಿನಲ್ಲಿ ಸರಿಯಾದ ಜಾಗದಲ್ಲಿ ಸೇರಿಸಿದ್ದೂ ನಾನೇ.

ರಿಪೇರಿಯಾದ ಯಂತ್ರವನ್ನು ಅರೆಕೆರೆಯಲ್ಲಿ ಮರಳಿ ಕೂರಿಸಲು ಅಣ್ಣ, ಬಿಟಿಎಂ ಲೇಔಟಿನಾಕೆ, ನಾನು ಮೂವರೂ ಹೋದೆವು. ಅಣ್ಣ ರಜೆ ಮುಗಿಯುವ ಮುಂಚೆಯೇ ಬಂದಿದ್ದರು, ಅಂಗಿಯ ಹೆಗಲ ಮೇಲೆ ಮಗು ಕಕ್ಕಿದ ಹಾಲಿನ ಕಲೆ ಇತ್ತು. ಬನ್ನೇರುಘಟ್ಟ ರಸ್ತೆಯಲ್ಲಿ ವ್ಯಾನು ಮುಕ್ಕಾಲು ಗಂಟೆ ನಿಂತಲ್ಲೇ ನಿಂತಿತು. ಅಷ್ಟು ಹೊತ್ತೂ ಅವರು ಫೋನಿನಲ್ಲಿದ್ದ ಮೊಮ್ಮಗನ ಫೋಟೋಗಳನ್ನು ಒಂದೂ ಬಿಡದೆ ತೋರಿಸಿದರು. ಎಲ್ಲದರಲ್ಲೂ ಮಗು ನಿದ್ದೆ ಮಾಡುತ್ತಿತ್ತು.

ನ‌ರ್ಸಿಂಗ್ ಹೋಮಿನ ಹೆಡ್ ನರ್ಸ್ ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದರು. “ಮತ್ತೆ ಹಿಂಗಾಗಲ್ಲ ತಾನೇ?” ಎಂದು ಅಣ್ಣನನ್ನು ಕೇಳಿದರು. ಅಣ್ಣ ಬಿಟಿಎಂ ಲೇಔಟಿನಾಕೆಯನ್ನು ತೋರಿಸಿದರು. “ಟೆಸ್ಟಿಂಗ್ ಇವ್ರದ್ದು ಸಿಸ್ಟರ್. ಇವ್ರನ್ನೇ ಕೇಳಿ.” ಆಕೆ ಬೆಚ್ಚಿದಳು. ಆಮೇಲೆ ಮೆಲ್ಲಗೆ ಶುರುಮಾಡಿ, ಬಾಗಿಲು ಮುಚ್ಚುವುದು, ಬಿಸಿ ಮಾಡುವುದು, ತಣಿಸುವುದು, ಮತ್ತೆ ಬಿಗಿ ಮಾಡುವುದು ಎಂದು ಮಾಡುತ್ತಾ ಹೇಳುತ್ತಾ ಹೋದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. ಅಣ್ಣ ಹಿಂದೆ ನಿಂತು ಗೋಡೆ ನೋಡುತ್ತಿದ್ದರು, ಅವಳಿಗೆ ಮುಜುಗರವಾಗದಿರಲಿ ಎಂದು.

ಎಲ್ಲ ಮುಗಿದ ಮೇಲೆ ನರ್ಸ್ ಕಟ್ಟಿದ್ದ ಕೈ ಬಿಡಿಸಿ ಕುರ್ಚಿ ಎಳೆದುಕೊಂಡರು. “ನೀವ್ ಕೊಟ್ಟಿರೋ ಪುಸ್ತಕ ಪೂರ್ತಿ ಇಂಗ್ಲಿಷಲ್ಲಿದೆ. ಇದನ್ನ ದಿನಾ ಹಚ್ಚೋದು ನಮ್ ಆಯಾಗಳು. ಕನ್ನಡದಲ್ಲಿ ಕೊಡೋಕಾಗಲ್ವಾ?”

ಅಣ್ಣ ನನ್ನ ಕಡೆ ನೋಡಿದರು. “ಕೊಡ್ತೀವಿ ಸಿಸ್ಟರ್” ಎಂದೆ.

ಆ ಕೆಲಸ ಹಿಡಿಯುವ ಮುಂಚೆ ಇನ್ನೊಂದು ಬಾಕಿ ಇತ್ತು. ಒಂದು ದಾಖಲೆ ಫೈನಲ್ ಆದ ಆರು ತಿಂಗಳಿಗೆ ಅದರ ಎಲ್ಲ ಡ್ರಾಫ್ಟುಗಳನ್ನೂ ಕಾಮೆಂಟುಗಳನ್ನೂ ಅಳಿಸಬೇಕೆಂಬುದು ನಮ್ಮ ನಿಯಮ. ಟೆಸ್ಟಿಂಗ್ ದಾಖಲೆಯ ಸರದಿ ಬಂದಾಗ ನನಗೆ ಕೈ ಬರಲಿಲ್ಲ. ಇದೊಂದನ್ನು ಇಟ್ಟುಕೊಳ್ಳಬಹುದೇ ಎಂದು ಮೇಡಂ ಹತ್ತಿರ ಹೋದೆ.

“ಡ್ರಾಫ್ಟ್ ಇದ್ರೆ ಇನ್ನೊಂದಿನ ಇನ್ಯಾರೋ ಪ್ರಿಂಟ್ ತೆಗೀತಾರೆ” ಎಂದರು.

“ಆದ್ರೆ ಮೇಡಂ, ಫೈನಲ್ಲಲ್ಲಿ ಏನ್ ಮಾಡ್ಬೇಕು ಅಂತ ಮಾತ್ರ ಇದೆ. ಯಾಕೆ ಅನ್ನೋದು ಬರೀ ಅಣ್ಣನ ಕಾಮೆಂಟಲ್ಲಿದೆ. ಅವ್ರು ರಿಟೈರ್ ಆದ್ಮೇಲೆ ಯಾರೋ ಹೊಸಬ್ರು ಬಂದು, ಎರಡ್ ಸಲ ಬಿಗಿ ಮಾಡೋದು ದಂಡ ಅಂತ ಹನ್ನೊಂದನೇದನ್ನ ತೆಗೆದ್ಬಿಟ್ರೆ?”

ಮೇಡಂ ಪೆನ್ನಿನ ತುದಿಯನ್ನು ಮೇಜಿಗೆ ಕುಟ್ಟುತ್ತಾ ಯೋಚಿಸಿದರು. “ಹಾಗಾದ್ರೆ ಫೈನಲ್ಲಿಗೇ ಒಂದು ಕಾಲಂ ಸೇರಿಸಿ. ‘ಯಾಕೆ’ ಅಂತ.”

ಎರಡು ಮಧ್ಯಾಹ್ನ ಅಣ್ಣನ ಜೊತೆ ಕೂತು ಕಾಮೆಂಟುಗಳನ್ನೆಲ್ಲ ಮೊದಲಿಂದ ಓದಿದೆ. ಯಂತ್ರದ ಮಾತನ್ನೆಲ್ಲ ಹೆಕ್ಕಿ ಹೊಸ ಕಾಲಮ್ಮಿಗೆ ಹಾಕಿದೆವು. ಮುಳ್ಳು ಸುಳ್ಳು ಹೇಳುವುದು ಉಳಿಯಿತು, ಹೊಸ ಚಪ್ಪಲಿಯೂ ಉಳಿಯಿತು. ಉಳಿದದ್ದನ್ನು ಅಳಿಸುವಾಗ, “ನೀವೇ ಒತ್ತಿ ಅಣ್ಣ” ಎಂದೆ. ಅವರು ಒಂದೇ ಬೆರಳಲ್ಲಿ ಟಕ್ಕೆಂದು ಒತ್ತಿ, “ಆಯ್ತಾ? ಊಟಕ್ಕೆ ಹೋಗೋಣ” ಎಂದು ಎದ್ದರು. ನಾನು ಯಾವುದರ ನಕಲನ್ನೂ ಇಟ್ಟುಕೊಳ್ಳಲಿಲ್ಲ. ಇಟ್ಟುಕೊಳ್ಳುವ ಆಸೆ ಇಲ್ಲದಿರಲಿಲ್ಲ. ಇಲ್ಲಿ ಬರೆದಿರುವ ಅವರ ಮಾತುಗಳೆಲ್ಲ ನನ್ನ ನೆನಪಿನಲ್ಲಿ ನಿಂತಷ್ಟು ಮಾತ್ರ.

ಆಯಾಗಳಿಗಾಗಿ ಕನ್ನಡದ ಪುಸ್ತಕವನ್ನು ಅಣ್ಣ ರಿಟೈರ್ ಆಗುವುದಕ್ಕೆ ಒಂದು ವಾರ ಮುಂಚೆ ಮುಗಿಸಿದೆವು. ಹದಿನಾಲ್ಕು ಡ್ರಾಫ್ಟುಗಳಾದವು. ಅರೆಕೆರೆಯ ಇಬ್ಬರು ಆಯಾಗಳಿಗೆ ಓದಲು ಕೊಟ್ಟು, ಅವರು ತಡವರಿಸಿದ ಕಡೆಯಲ್ಲೆಲ್ಲ ತಿದ್ದಿದೆವು. ಕೊನೆಗೆ ಉಳಿದದ್ದು ಎಂಟು ಪುಟ, ದೊಡ್ಡ ಅಕ್ಷರ. ಈಗ ಪ್ರತಿ ಯಂತ್ರದ ಜೊತೆಗೂ ಅದು ಹೋಗುತ್ತದೆ. ಬೆಂಚಿನ ಮುಖ್ಯಸ್ಥೆ ಈಗ ಬಿಟಿಎಂ ಲೇಔಟಿನಾಕೆ. ಹೊಸದಾಗಿ ಬಂದವರಿಗೆ ‘ಯಾಕೆ’ ಕಾಲಮ್ಮನ್ನು ಮೊದಲು ಓದಿಸುತ್ತಾಳೆ.

ಪುಸ್ತಕ ಅಚ್ಚಾಗಿ ಬಂದ ದಿನ ಅಣ್ಣ ಒಂದು ಪ್ರತಿಯನ್ನು ಮನೆಗೆ ಒಯ್ದು, ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದರಂತೆ. ಆಕೆ ಪೂರ್ತಿ ಕೇಳಿಸಿಕೊಂಡು, “ಇಷ್ಟೇನಾ? ಇದು ಯಾರಿಗ್ ತಾನೇ ಗೊತ್ತಾಗಲ್ಲ? ಇದನ್ನ ಬರೆಯೋಕೆ ನಿಮಗೆ ಅಷ್ಟು ತಿಂಗಳು ಬೇಕಾಯ್ತಾ?” ಎಂದು ಕೇಳಿದರಂತೆ. ಮರುದಿನ ಬೆಳಿಗ್ಗೆ ಸ್ಕೂಟರ್ ನಿಲ್ಲಿಸಿ ನೇರವಾಗಿ ನನ್ನ ಮೇಜಿಗೆ ಬಂದು ಅಣ್ಣ ಇದನ್ನು ಹೇಳಿದರು. ಅವರು ಅಷ್ಟು ಖುಷಿಯಾಗಿದ್ದುದನ್ನು, ಮೊಮ್ಮಗನ ವಿಷಯ ಬಿಟ್ಟರೆ, ನಾನು ಬೇರೆ ಯಾವಾಗಲೂ ನೋಡಿಲ್ಲ.